ನೀಲ್ಯಾನ ಉಪ್ಪು ನೀರು

ವಾಡಿ, ಸ್ಟೇಷನ್ ಹಿಂದಿನ ಓಣಿ
ಮೇ ೧೮, ಭಾನುವಾರ

ಹಡಗಿನ ಮೇಲಿರುವ ನಮ್ಮ ಮನೆಯವರಿಗೆ, ವಾಡಿಯಿಂದ ನಿಮ್ಮ ಹೆಂಡತಿ ಪ್ರೀತಿಯ ಶರಣು.

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಕಬ್ಬಿಣದ ಏಣಿ ಹತ್ತಿ ಇಳಿಯುವಾಗ ಕಟ್ಟಿಕೊಳ್ಳಿ ಎಂದು ನಾನು ಇಟ್ಟ ಪಟ್ಟಿ ಇನ್ನೂ ಬ್ಯಾಗಿನ ತಳದಲ್ಲೇ ಇರುತ್ತದೆ, ಅದನ್ನು ನೀವು ಹೇಳಬೇಕಾಗಿಲ್ಲ. ಶೇಂಗಾ ಹಿಂಡಿ ಮುಗಿಯಿತೇ, ಇಲ್ಲ ನಿಮ್ಮ ಆ ಕೇರಳದ ಗೆಳೆಯ ನಿಮಗಿಂತ ಮೊದಲೇ ಡಬ್ಬಿ ಖಾಲಿ ಮಾಡಿದನೇ? ಸಮುದ್ರದಲ್ಲಿ ಗಾಳಿ ಎದ್ದಿದೆ ಎಂದು ಟಿವಿಯವರು ಒಂದೇ ಸಮನೆ ಬಡಿದುಕೊಂಡರು. ನಿಮ್ಮ ಹಡಗು ಆ ಗಾಳಿಯ ಕಡೆಗಿದೆಯೋ ಬೇರೆ ಕಡೆಗಿದೆಯೋ ನಮಗೆ ಹೇಳುವವರಿಲ್ಲ, ನೌಕಾಪಡೆಯವರ ಮನೆಯಲ್ಲಿ ಅದನ್ನು ಕೇಳುವ ರೂಢಿಯೂ ಇಲ್ಲ. ಈಗ ಗಾಳಿ ಇಳಿದಿದೆ ಅನ್ನುತ್ತಿದ್ದಾರೆ. ನೀವು ಚೆನ್ನಾಗಿಯೇ ಇದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಹಾಗೆ ಅಂದುಕೊಳ್ಳದಿದ್ದರೆ ನನಗೆ ಪೆನ್ನು ಹಿಡಿಯಲು ಆಗುವುದಿಲ್ಲ. ನಾನು ಆರಾಮಾಗಿದ್ದೇನೆ. ಅತ್ತೆಯವರ ಬಿಪಿ ಮೇಲೆ ಹೋಗಿತ್ತು, ಡಾಕ್ಟರು ಗುಳಿಗೆ ಬದಲಿಸಿದ್ದಾರೆ, ಈಗ ಹಿಡಿತಕ್ಕೆ ಬಂದಿದೆ.

ಇಷ್ಟೆಲ್ಲಾ ಫೋನು ಮೆಸೇಜು ಇರುವ ಕಾಲದಲ್ಲಿ ಇವಳೇಕೆ ಕಾಗದ ಬರೆದಳು ಅನ್ನಬೇಡಿ. ಹಡಗು ದಂಡೆಗೆ ಬಂದಾಗ ಮೊದಲು ಮೇಲೆ ಹತ್ತುವುದು ಟಪಾಲಿನ ಚೀಲ, ಜಮಾ ಮಾಡಿದ ಫೋನು ಕೈಗೆ ಸಿಗುವುದು ಆಮೇಲೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ನನಗೆ ಬೇಕಾದದ್ದು ಅದೇ. ಫೋನು ಸಿಕ್ಕ ಕೂಡಲೇ ನೀವು ನಿಮ್ಮ ಅವ್ವನಿಗೆ ಮಾಡುತ್ತೀರಿ, ಮಾಡಲೇಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಈ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿಬಿಡಿ. ಮಾತು ನೀಲ್ಯಾನದು. ಅವನಿಗೆ ಏನಾಯಿತು ಎನ್ನುವುದರಲ್ಲಿ ಒಂದು ಸಂಗತಿ ಇದೆ, ಅದು ಅತ್ತೆಯವರ ಕಿವಿಗೆ ಬೀಳಬಾರದು. ಬಿದ್ದರೆ ಅವರು ತಡೆದುಕೊಳ್ಳುವುದಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಗಿದೆ. ಅವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಪಡಸಾಲೆಯಲ್ಲಿ ಅವರ ಎದುರಿಗೇ ಕುಳಿತು ಬರೆಯುತ್ತಿದ್ದೇನೆ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾರೆ. "ಏನ್ ಅಷ್ಟುದ್ದ ಬರೀಲಿಕತ್ತಿ? ಅವ ಓದಿ ಮುಗಿಸೂತನ ಹಡಗ ನಿಂದರ್ತದೇನು?" ಎಂದು ಈಗಷ್ಟೇ ಕೇಳಿದರು. ನಿಮ್ಮ ಮೊಣಕಾಲಿನ ವಿಷಯ ಬರೆಯುತ್ತಿದ್ದೇನೆ ಎಂದೆ.

ಹೋದ ರಜೆಯಲ್ಲಿ ನೀವು ಆ ಮೀನಿನ ಮರಿಯನ್ನು ನೀರು, ಗಾಳಿ ತುಂಬಿದ ಚೀಲದಲ್ಲಿ ಹಾಕಿಕೊಂಡು ಹೈದರಾಬಾದಿನ ರೈಲಿನಿಂದ ಇಳಿದಾಗ ಓಣಿಯೆಲ್ಲಾ ನಮ್ಮ ಬಾಗಿಲಲ್ಲಿ ನಿಂತಿತ್ತು. ಶಹಾಬಾದಿ ಕಲ್ಲಿನ ಕಟ್ಟೆಯ ಮೇಲೆ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪು ಕಲಸಿ ನೀವು ಮಾಡಿದ ಸಮುದ್ರ, ಅದರೊಳಗೆ ಕಡುನೀಲಿ ಮೈಮೇಲೆ ಬಿಲ್ಲಿನಂಥ ಬಿಳಿ ಗೆರೆಗಳ ಏಂಜಲ್ ಮೀನು. ಕಾಗಿಣಾ ಹೊಳೆಯ ಮೀನನ್ನು ಶಹಾಬಾದಿನ ಸಂತೆಯಲ್ಲಿ ಮಾರಿ ನಿಮ್ಮನ್ನು ಸಾಕಿದ ಅತ್ತೆಯವರು ಸೊಂಟದ ಮೇಲೆ ಕೈ ಇಟ್ಟು ಕೇಳಿದ್ದು ನೆನಪಿದೆಯೇ? "ತಿನ್ಲಿಕ್ಕ ಬರಂಗಿಲ್ಲ, ಮಾರ್ಲಿಕ್ಕ ಬರಂಗಿಲ್ಲ, ಮತ್ತ ಇದಕ್ಕ ಯಾಕ ಇಷ್ಟ್ ದೌಲತ್ತು?" ಆಗ ನೀವು ಸುಮ್ಮನಿರಬಾರದಿತ್ತೇ? ನಗುತ್ತಾ ಹೇಳಿದಿರಿ, "ಯವ್ವಾ, ಇವನೂ ಸಮುದ್ರದಾಗಿನವ, ನಾನೂ ಸಮುದ್ರದಾಗಿನವ. ಇವ ಆರಾಮ ಇದ್ದ ಅಂದ್ರ ನಾನೂ ಆರಾಮ ಇದ್ದೀನಿ ಅಂತ ತಿಳ್ಕೋ." ನಿಮಗೆ ಅದು ಮಾತು, ಅವರಿಗೆ ಅದು ದೇವರ ವಾಕ್ಯ. ಅಂದಿನಿಂದ ಅದು ಮೀನಲ್ಲ, ನೀಲ್ಯಾ. ಬೆಳಿಗ್ಗೆ ಎದ್ದು ದೇವರ ಕೋಣೆಗೆ ಹೋಗುವ ಮುನ್ನ ಅವನ ಮುಖ ನೋಡಬೇಕು. ಬಿಳಿ ಗೆರೆ ಮಾಸಿ ಬಾಲದ ಕಡೆ ಬಂಗಾರದ ಬಣ್ಣ ಬರಲು ಶುರುವಾದಾಗ, ದೊಡ್ಡವನಾದರೆ ಬಣ್ಣವೇ ಬದಲಾಗುತ್ತದೆ ಎಂದು ನೀವು ಹೇಳಿದ್ದನ್ನು ನಾನು ನೆನಪಿಸಿದೆ. ಅತ್ತೆ ಓಣಿಯಲ್ಲೆಲ್ಲಾ "ನಮ್ಮ ನೀಲ್ಯಾ ಗಂಡಸಾಗಾಕತ್ಯಾನ" ಎಂದು ಹೇಳಿಕೊಂಡು ಬಂದರು. ಅಮೀರ್ಬೀ ಚಾಚಿ ಗೋಡೆಯಾಚೆಯಿಂದ "ಹಂಗಾದ್ರ ಕನ್ಯಾ ನೋಡಬೇಕಲ್ಲ ಬಸ್ಸಮ್ಮಾ" ಎಂದು ಕೂಗಿದ್ದಳು.

ಏಪ್ರಿಲ್ ಕೊನೆಗೆ ನನ್ನ ತಂಗಿಯ ಹೆರಿಗೆಗೆಂದು ನಾನು ಚಿಂಚೋಳಿಗೆ ಹೋದೆ. ನಾಲ್ಕು ದಿನಕ್ಕೆಂದು ಹೋದವಳು ಕೂಸಿಗೆ ಕಾಮಾಲೆ ಎಂದು ಅಲ್ಲೇ ಉಳಿಯಬೇಕಾಯಿತು. ಹೋಗುವ ಮುಂಚೆ ಹಿತ್ತಲಿನ ನೀಲಿ ಡ್ರಮ್ಮಿನ ತುಂಬಾ ಉಪ್ಪು ಕಲಸಿ, ಉಪ್ಪಿನ ಮೀಟರಿನಲ್ಲಿ ಅಳೆದು, ಮುಚ್ಚಳ ಹಾಕಿ ಇಟ್ಟಿದ್ದೆ. ನಾನು ಅಲ್ಲಿದ್ದಾಗಲೇ ನೀವು ಹಡಗು ಬಿಡುವ ದಿನ ಮನೆಗೆ ಫೋನು ಮಾಡಿದಿರಿ. ನನಗೂ ಮಾಡಿದಿರಂತೆ, ನನ್ನ ಫೋನು ಆಸ್ಪತ್ರೆಯಲ್ಲಿ ಸತ್ತು ಬಿದ್ದಿತ್ತು. ಆ ದಿನ ನೀವು ಅತ್ತೆಗೆ ಹೇಳಿದ ಮಾತು ನನಗೆ ಈಗ ಬಾಯಿಪಾಠವಾಗಿದೆ, ಅಷ್ಟು ಸಲ ಅವರು ಹೇಳಿದ್ದಾರೆ. "ಯವ್ವಾ, ಪ್ರೀತಿ ಬರೂದು ತಡಾ ಆದ್ರ ನೀನs ವಾರಕ್ಕ ಒಂದ್ ಬಕೀಟ ನೀರು ತಗದು ಉಪ್ಪು ನೀರ ಹಾಕು. ಕುಡಿಯೂ ಸೀ ನೀರು ಮಾತ್ರ ಹಾಕಬ್ಯಾಡ, ಸಾಯ್ತಾನ."

ಸೇಡಂನಲ್ಲಿ ಬಸ್ಸು ಬದಲಿಸಿ ನಾನು ಮನೆಗೆ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ವಾಸನೆ ಬಂತು, ಹೊಳೆ ಬತ್ತಿದಾಗ ಕೆಸರಿನಿಂದ ಬರುವಂಥ ವಾಸನೆ. ಅತ್ತೆ ತೊಟ್ಟಿಯ ಮುಂದೆ ಕುಳಿತಿದ್ದರು. ನೀಲ್ಯಾ ಕಲ್ಲಿನ ಹಿಂದೆ ಒಂದು ಮೂಲೆಗೆ ಒರಗಿದ್ದ, ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನೀವು ಅಷ್ಟು ಜೋಪಾನವಾಗಿ ತಂದ, ಸಮುದ್ರದ ಸಣ್ಣ ಜೀವಗಳು ಗೂಡು ಮಾಡಿದ ಜೀವಂತ ಕಲ್ಲಿನ ಮೇಲೆ ಓಡಾಡುತ್ತಿದ್ದ ಶಂಖದ ಹುಳುಗಳೆಲ್ಲಾ ಮಗುಚಿ ಬಿದ್ದಿದ್ದವು. "ಬಂದಿಯೇನು ಯವ್ವಾ," ಎಂದು ಅತ್ತೆ ನನ್ನ ಕೈ ಹಿಡಿದರು. ಅವರು ನನ್ನನ್ನು ಯವ್ವಾ ಎಂದು ಕರೆದವರಲ್ಲ, ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು. "ಒಂದೂ ಬಿಟ್ಟಿಲ್ಲ ನೋಡು, ಅವ ಹೇಳಿದಂಗs ಮಾಡೀನಿ. ವಾರದಿಂದ ನೀಲ್ಯಾ ಬಾಯಿ ತಗಿಯಾಕತ್ತಿದ್ದ, ಅದಕ್ಕ ದಿನಾ ಮತ್ತೊಂದೊಂದು ಬಕೀಟ ಜಾಸ್ತಿನೇ ಹಾಕೀನಿ."

ನಾನು ಹಿತ್ತಲಿಗೆ ಓಡಿದೆ. ನೀಲಿ ಡ್ರಮ್ಮಿನ ಮುಚ್ಚಳ ತೆಗೆದರೆ ನೀರು ನಾನು ಬಿಟ್ಟುಹೋದ ಅಂಚಿನಲ್ಲೇ ಇತ್ತು. ಒಂದು ತಂಬಿಗೆಯೂ ಕಡಿಮೆಯಾಗಿರಲಿಲ್ಲ. ಬಕೆಟ್ಟು ಇದ್ದದ್ದು ಬೋರಿನ ನಳದ ಕೆಳಗೆ. ಒಳಗೆ ಬಂದು ತೊಟ್ಟಿಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ, ಚಪ್ಪೆ. ಮೀಟರಿನ ಮುಳ್ಳು ತಳಕ್ಕೆ ಮಲಗಿಬಿಟ್ಟಿತ್ತು. ಅಲ್ಲಿಗೆ ನನಗೆ ಎಲ್ಲಾ ತಿಳಿಯಿತು, ಯಾಕೆಂದರೆ ನಾನೂ ಈ ಸೀಮೆಯವಳೇ. ನಮ್ಮ ಕಡೆ ನೀರು ಎರಡೇ ಜಾತಿ. ಕುಡಿಯುವುದು ಸೀ ನೀರು, ಬೋರಿನದು ಉಪ್ಪು ನೀರು. ಸೀ ನೀರು ಅನ್ನಕ್ಕೆ, ಉಪ್ಪು ನೀರು ಬಟ್ಟೆಗೆ. ಹುಟ್ಟಿದಾಗಿನಿಂದ ಅತ್ತೆಯವರು ಆ ಬಾಯಿಂದ ಉಪ್ಪು ನೀರು ಎಂದಿದ್ದು ಬೋರಿಗೇ, ಬಾವಿಗೇ. ಡ್ರಮ್ಮಿನದಕ್ಕೆ ಅವರು ಮೊದಲಿನಿಂದಲೂ "ದವಾದ ನೀರು" ಎನ್ನುತ್ತಾರೆ, ಇಂಗ್ಲಿಷ್ ಬರೆದ ಚೀಲದಿಂದ ಅಳೆದು ಹಾಕುವುದನ್ನು ನೋಡಿ. ನೀವು ಉಪ್ಪು ನೀರು ಹಾಕು ಎಂದಿರಿ, ಅವರು ಉಪ್ಪು ನೀರು ಹಾಕಿದರು. ಸೀ ನೀರು ಬೇಡ ಎಂದಿರಿ, ಒಂದು ಹನಿ ಹಾಕಲಿಲ್ಲ. ಮಗನ ಮಾತನ್ನು ಇದಕ್ಕಿಂತ ಚೆನ್ನಾಗಿ ಯಾವ ತಾಯಿ ನಡೆಸುತ್ತಾಳೆ ಹೇಳಿ.

ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸಮುದ್ರದ ಮೇಲೆ ಇದ್ದು ಇದ್ದು ನಿಮಗೆ ಉಪ್ಪು ನೀರು ಎಂದರೆ ಸಮುದ್ರವೇ ಆಗಿಬಿಟ್ಟಿದೆ. ವಾಡಿಯಲ್ಲಿ ಬೋರಿನ ನೀರು ಹೊತ್ತು ಬೆಳೆದವರಿಗೆ ಅದು ಮರೆತುಹೋಗಬೇಕಿತ್ತೇ? "ಹಿತ್ತಲದಾಗಿನ ಡ್ರಮ್ಮಿನ ನೀರು" ಎಂದಿದ್ದರೆ ಬಾಯಿ ಸವೆಯುತ್ತಿತ್ತೇ? ಒಮ್ಮೆ ನಗುತ್ತಾ ಆಡಿದ ಮಾತಿನಿಂದ ಮೀನನ್ನು ಮಗ ಮಾಡಿದಿರಿ, ಇನ್ನೊಮ್ಮೆ ಅವಸರದಲ್ಲಿ ಆಡಿದ ಮಾತಿನಿಂದ ಆ ತಾಯಿಯ ಕೈಯಲ್ಲೇ ಅವನಿಗೆ ವಿಷ ಹಾಕಿಸಿದಿರಿ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬೈಯುತ್ತಲೇ ಇದ್ದೇನೆ, ಆದರೆ ನೀವು ಎದುರಿಗೆ ಇದ್ದಿದ್ದರೆ ಇಷ್ಟು ಬೈಯುತ್ತಿರಲಿಲ್ಲ.

ಹೈದರಾಬಾದಿನ ಅಂಗಡಿಯವರಿಗೆ ಫೋನು ಮಾಡಿದೆ. ಉಪ್ಪು ಇಳಿದು ಕಲ್ಲಿನೊಳಗಿನ ಹುಳುಗಳು ಸತ್ತಿವೆ, ಅವು ಕೊಳೆತ ವಿಷ ನೀರಿಗೆ ಇಳಿದಿದೆ, ಮೀನಿನ ಕಿವಿರು ಸುಡುತ್ತಿದೆ ಎಂದರು. ಸತ್ತದ್ದನ್ನೆಲ್ಲಾ ತೆಗೆಯಿರಿ, ಗಾಳಿಯ ಪಂಪು ಒಂದು ಗಳಿಗೆಯೂ ನಿಲ್ಲಬಾರದು, ಡ್ರಮ್ಮಿನ ನೀರು ಹಾಕಿ, ಆದರೆ ಸ್ವಲ್ಪ ಸ್ವಲ್ಪವೇ, ಉಪ್ಪನ್ನು ಒಮ್ಮೆಲೇ ಏರಿಸಿದರೆ ಅದರಿಂದಲೇ ಹೋಗುತ್ತದೆ ಎಂದರು. ಬದುಕುತ್ತದೆಯೇ ಎಂದು ಕೇಳಿದ್ದಕ್ಕೆ, ನೋಡೋಣ ಎಂದರು. ಇದನ್ನೆಲ್ಲಾ ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಫೋನು ಇಟ್ಟ ಕೂಡಲೇ "ಏನಾಗ್ಯಾದ? ಖರೇ ಹೇಳು. ನನ್ ಕೈಲಿಂದ ಏನರೇ ತಪ್ಪಾಗ್ಯಾದೇನು?" ಎಂದು ಕೇಳಿದರು. ಅವರ ಮುಖ ನೋಡಿದೆ. ಆ ಮುಖಕ್ಕೆ ಹೇಗೆ ಹೇಳಲಿ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಊರಿಗೆ ಹೋಗುವ ಅವಸರದಲ್ಲಿ ನಾನೇ ನೀರು ಬದಲಿಸಿದ್ದೆ, ಆಗ ಉಪ್ಪು ಕಡಿಮೆ ಹಾಕಿದ್ದೆ, ಅದರಿಂದ ಹೀಗಾಗಿದೆ ಎಂದೆ.

ಆಮೇಲೆ ನಾನು ಕೇಳಿದ ಬೈಗುಳ ನಿಮಗೆ ಬರೆಯುವಂಥದ್ದಲ್ಲ. ಶಹಾಬಾದಿನ ಸಂತೆಯಲ್ಲಿ ತಕ್ಕಡಿ ಹಿಡಿದು ಗಿರಾಕಿಗಳನ್ನು ಅಂಜಿಸಿದ ಬಾಯಿ ಅದು. "ತವರಮನಿ ಅಂದ್ರ ಕಾಲ್ ನೆಲಕ್ಕ ಹತ್ತಂಗಿಲ್ಲ ನಿನಗ. ನನ್ ಮಗ ನೀರಾಗ ಹಾನ, ನೀ ಇಲ್ಲಿ ಅವನ ಉಪ್ಪು ಕಸದಿ" ಎಂದರು. ನಾನು ಹಿಡಿದುಕೊಂಡೆ. ಸತ್ಯ ಒಂದು ಸಲವಲ್ಲ, ನಾಲ್ಕಾರು ಸಲ ನಾಲಿಗೆಯ ತುದಿಗೆ ಬಂತು. ಸತ್ತ ಹುಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಾ ಹಲ್ಲು ಕಚ್ಚಿ ಕುಳಿತೆ. ಅವರು ಬೈದಷ್ಟೂ ನನಗೆ ಒಂದು ಸಮಾಧಾನವೇ ಇತ್ತು, ಬೈಯುವಾಗ ಅವರಿಗೆ ಅಳಲು ಪುರುಸೊತ್ತು ಸಿಗುತ್ತಿರಲಿಲ್ಲ. ಆದರೆ ಅಂದು ಅವರು ರೊಟ್ಟಿ ಮುಟ್ಟಲಿಲ್ಲ, ಬಿಪಿಯ ಗುಳಿಗೆಯನ್ನೂ ಮುಟ್ಟಲಿಲ್ಲ. ನೀಲ್ಯಾ ತಿಂದ ಮೇಲೆಯೇ ತಾನು ತಿನ್ನುವುದು ಎಂದು ಹಟ ಹಿಡಿದರು.

ಮರುದಿನ ಕರೆಂಟು ಹೋಯಿತು. ಬೇಸಿಗೆಯಲ್ಲಿ ಇಲ್ಲಿ ಕರೆಂಟು ಹೋಗುವುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಪಂಪು ನಿಂತು ಗುಳ್ಳೆ ನಿಂತ ಕೂಡಲೇ ನೀಲ್ಯಾ ಮೇಲಕ್ಕೆ ಬಂದು ಬಾಯಿ ತೆರೆದ. ನಾನು ಗೋಡೆಯ ಹತ್ತಿರ ಓಡಿ ಅಮೀರ್ಬೀ ಚಾಚಿಯನ್ನು ಕೂಗಿದೆ, ಅವರ ಮನೆಯಲ್ಲಿ ಇನ್ವರ್ಟರ್ ಇದೆ. ಚಾಚಿ ಕೂಡಲೇ ವಾಯರು ಗೋಡೆಯ ಮೇಲಿಂದ ಎಸೆದು, ತಾನೂ ಸುತ್ತು ಬಳಸಿ ಬಂದಳು. ಪಂಪು ಮತ್ತೆ ಶುರುವಾಯಿತು. ಅಲ್ಲಿಯವರೆಗೆ ಸರಿ ಇತ್ತು. ಚಾಚಿ ತೊಟ್ಟಿಯ ಮುಂದೆ ಕುಳಿತು ಗಲ್ಲಕ್ಕೆ ಕೈ ಹಚ್ಚಿ, "ಅರೇ, ಏನಾಯ್ತು ಇದಕ್ಕ? ದಿನಾ ಬೋರಿನ ನಳದಾಗಿಂದ ಬಕೀಟ ಹೊತ್ತು ಹೊತ್ತು ಹಾಕಿದ್ದೀಯಲ್ಲ ಬಸ್ಸಮ್ಮಾ, ನಾ ನೋಡೀನಿ" ಎಂದುಬಿಟ್ಟಳು. ಅತ್ತೆ "ಹೌದಲ್ಲಾ ಮತ್ತ, ಅವ ಹೇಳಿದ್ದs ಉಪ್ಪು ನೀರಾ" ಎಂದರು. ನಾನು ಅತ್ತೆಯ ಹಿಂದೆ ನಿಂತು ಚಾಚಿಯನ್ನು ನೋಡಿದೆ. ಹೇಗೆ ನೋಡಿದೆನೋ ಗೊತ್ತಿಲ್ಲ. ಚಾಚಿಯ ಬಾಯಿ ತೆರೆದಿದ್ದು ಹಾಗೇ ನಿಂತಿತು. ಆಮೇಲೆ ನಿಧಾನಕ್ಕೆ, "ಹೌದೌದು, ನೀ ಮಾಡಿದ್ದು ಬರಾಬರಿ ಅದ. ಈ ಹುಡಗೇರಿಗೆ ಉಪ್ಪಿನ ಅಂದಾಜs ಇರಂಗಿಲ್ಲ, ನಮ್ಮ ಮನ್ಯಾಗೂ ಹಂಗs" ಎಂದಳು. ಹಿತ್ತಲ ಬಾಗಿಲಲ್ಲಿ ನನ್ನ ತಲೆ ಸವರಿ ಹೋದಳು. ಅವಳು ಯಾರಿಗೂ ಹೇಳುವುದಿಲ್ಲ.

ಡ್ರಮ್ಮಿನ ನೀರು ಮುಗಿಯಿತು, ಚೀಲದ ಉಪ್ಪೂ ತಳ ಕಂಡಿತು. ಅಡುಗೆ ಉಪ್ಪು ಹಾಕುವಂತಿಲ್ಲ ಎಂದು ನೀವು ಮೊದಲೇ ಎಚ್ಚರಿಸಿದ್ದಿರಿ. ಚಾಚಿಯ ಮಗ ಮತೀನ ಮಾರನೆಯ ದಿನ ರೈಲ್ವೆ ಡ್ಯೂಟಿಯ ಮೇಲೆ ಹೈದರಾಬಾದಿಗೆ ಹೋಗುವವನಿದ್ದ, ಅವನಿಗೆ ಅಂಗಡಿಯ ಗುರುತು ಹೇಳಿ ಕಳಿಸಿದೆ. ಅವನು ಬರುವತನಕದ ಆ ಹೊತ್ತು ನನಗೆ ನೆನಪಿಸಿಕೊಳ್ಳಲು ಇಷ್ಟವಿಲ್ಲ. ಟಿವಿಯಲ್ಲಿ ಅದೇ ಗಾಳಿ, ಅದೇ ಬಿಳಿಯ ಸುರುಳಿ, ಅಲೆಗಳು ಬಂಡೆಗೆ ಬಡಿಯುವ ಅದೇ ಚಿತ್ರ ತಿರುಗಿ ತಿರುಗಿ. ಅತ್ತೆ ಟಿವಿ ಆರಿಸಲು ಬಿಡರು. ಒಮ್ಮೆ ಟಿವಿ ನೋಡುವರು, ಒಮ್ಮೆ ತೊಟ್ಟಿ ನೋಡುವರು. ನೀಲ್ಯಾ ಒಂದು ಕಡೆಗೆ ವಾಲಿದರೆ ಇವರು ಸೆರಗು ಬಾಯಿಗೆ ಒತ್ತಿಕೊಳ್ಳುವರು. ನಾನು ಇದನ್ನೆಲ್ಲಾ ನಂಬುವವಳಲ್ಲ, ನಿಮಗೆ ಗೊತ್ತು. ಮೀನಿಗೂ ಹಡಗಿಗೂ ಯಾವ ಸಂಬಂಧ? ಆದರೂ ಸುಳ್ಳು ಬರೆಯುವುದಿಲ್ಲ, ಅಂದು ಅವನು ವಾಲಿದಾಗಲೆಲ್ಲಾ ನಾನೂ ಗಾಜಿಗೆ ಕೈ ಇಟ್ಟು ನೆಟ್ಟಗಾಗು, ನೆಟ್ಟಗಾಗು ಎನ್ನುತ್ತಿದ್ದೆ. ಅವನಿಗೆ ಹೇಳುತ್ತಿದ್ದೆನೋ ನಿಮಗೆ ಹೇಳುತ್ತಿದ್ದೆನೋ ದೇವರೇ ಬಲ್ಲ. ಅತ್ತೆ ಹಿಡಿ ಉಪ್ಪು, ಮೆಣಸಿನಕಾಯಿ ತಂದು ತೊಟ್ಟಿಗೆ ದೃಷ್ಟಿ ಇಳಿ ತೆಗೆದರು. ತೆಗೆದ ಉಪ್ಪನ್ನು ನೀರಿಗೆ ಹಾಕಲು ಕೈ ಎತ್ತಿದಾಗ ನಾನು ಹೋಗಿ ಕೈ ಹಿಡಿದೆ. "ಉಪ್ಪು ಕಡಿಮಿ ಆಗ್ಯಾದ ಅಂದಿ, ಮತ್ತ ಹಾಕಿದ್ರ ಬ್ಯಾಡ ಅಂತಿ" ಎಂದು ಅತ್ತರು. ಬೈಗುಳ ನಿಂತು ಅಳು ಶುರುವಾದದ್ದು ಆಗ.

ಮತೀನನ ಗಾಡಿ ತಡವಾಗಿ ಬಂದರೂ ಉಪ್ಪು ಬಂತು. ಪ್ಲಾಟ್‌ಫಾರ್ಮಿನಿಂದಲೇ ಚೀಲ ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದ ಪುಣ್ಯಾತ್ಮ. ಸೀ ನೀರಿಗೆ ಉಪ್ಪು ಕಲಸಿ, ಅಂಗಡಿಯವರು ಹೇಳಿದ ಹಾಗೆ ತಂಬಿಗೆ ತಂಬಿಗೆಯಾಗಿ ಹಾಕುತ್ತಾ ಬಂದೆ. ಮೀಟರಿನ ಮುಳ್ಳು ದಿನಕ್ಕಿಷ್ಟು ಎಂದು ಮೇಲೆ ಎದ್ದಿತು. ವಾಸನೆ ಹೋಯಿತು. ಶುಕ್ರವಾರ ಅವನು ಕಲ್ಲಿನ ಹಿಂದಿನಿಂದ ಹೊರಗೆ ಬಂದ. ಅತ್ತೆ ಪಾಲಕ್ ಎಲೆ ಹಿಡಿದರೆ ಹತ್ತಿರ ಬಂದು ಒಂದು ಚೂರು ಕಚ್ಚಿದ. ಕಚ್ಚಿ ಉಗುಳಿದ, ಮತ್ತೆ ಕಚ್ಚಿದ. ಅತ್ತೆ ಅಲ್ಲೇ ನೆಲಕ್ಕೆ ಕುಳಿತು "ತಿಂದಾ, ನನ್ನಪ್ಪ ತಿಂದಾ" ಎಂದು ಓಣಿಗೆ ಕೇಳುವ ಹಾಗೆ ಕೂಗಿದರು. ಅಂದು ಅವರು ರೊಟ್ಟಿ ತಿಂದರು, ಗುಳಿಗೆ ನುಂಗಿದರು. ಟಿವಿಯಲ್ಲಿ ಗಾಳಿ ದುರ್ಬಲವಾಗಿದೆ ಎಂದು ಬಂದದ್ದೂ ಅಂದೇ. ಅತ್ತೆ ನನ್ನ ಕಡೆ ತಿರುಗಿ, ಸಿಟ್ಟು ಬಿಡದೆಯೇ, ಆದರೂ ಒಂದು ಮೆಟ್ಟಿಲು ಇಳಿದ ಧ್ವನಿಯಲ್ಲಿ, "ನೀನೂ ಉಣ್ಣು ಹೋಗು" ಎಂದರು.

ಶನಿವಾರ, ಎಂದರೆ ನಿನ್ನೆ ಬೆಳಿಗ್ಗೆ, ನೀಲ್ಯಾ ಹೋದ. ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಇಷ್ಟು ಹೊತ್ತು ಸುತ್ತು ಬಳಸಿದೆ. ಕಿವಿರು ಒಳಗೇ ಸುಟ್ಟಿತ್ತಂತೆ, ಎಲೆ ಕಚ್ಚಿದ್ದು ಕೊನೆಯ ಚೇತರಿಕೆ ಅಷ್ಟೇ ಎಂದು ಅಂಗಡಿಯವರು ಆಮೇಲೆ ಹೇಳಿದರು. ನಾನು ಚಹಕ್ಕೆ ಇಟ್ಟು ಬಂದು ನೋಡಿದರೆ ಮರಳಿನ ಮೇಲೆ ಮಲಗಿದ್ದ, ಬಂಗಾರದ ಬಣ್ಣ ಅರ್ಧ ಮೈಗೆ ಬಂದಿತ್ತು. ನಾನು ಕೂಗಲಿಲ್ಲ. ಅತ್ತೆ ತಾವೇ ಬಂದು ನಿಂತರು. ನಾನು ಅವರ ಹಿಂದೆ ನಿಂತು, ಬಿದ್ದರೆ ಹಿಡಿಯಬೇಕೆಂದು ಎರಡೂ ಕೈ ಚಾಚಿಕೊಂಡಿದ್ದೆ. ಅವರು ಬೀಳಲಿಲ್ಲ. ಬಳೆ ಮೇಲೆ ಸರಿಸಿ ನೀರಿಗೆ ಕೈ ಹಾಕಿ ಅವನನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಸಂತೆಯಲ್ಲಿ ಮಾಡುತ್ತಿದ್ದಂತೆಯೇ ಹೆಬ್ಬೆರಳಿನಿಂದ ಕಿವಿರು ಎತ್ತಿ ನೋಡಿದರು, ಕೆಂಪು ಇರಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡದಲ್ಲಿ ತಾವೇ ಕುಣಿ ತೋಡಿ ಹಾಕಿ ಬಂದರು.

ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ಅತ್ತು ಅತ್ತು ನನಗೆ ಬಿಕ್ಕಳಿಕೆ ಹತ್ತಿತ್ತು. ಈಗ ಶಾಪ ಹಾಕುತ್ತಾರೆ, ನಿನ್ನಿಂದಲೇ ನನ್ನ ಮಗನಿಗೆ ಕೇಡು ಎನ್ನುತ್ತಾರೆ, ಆಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಇರುವುದಿಲ್ಲ ಎಂದು ಅಂಜಿದ್ದೆ. ಅವರು ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತರು. ಆಮೇಲೆ ಅಂದದ್ದನ್ನು ಅವರು ಅಂದ ಹಾಗೇ ಬರೆಯುತ್ತೇನೆ. "ಅಳಬ್ಯಾಡ ಯವ್ವಾ. ಮೀನ ಅದು, ಹೋಯ್ತು. ಎಷ್ಟ್ ಮೀನಾ ಕೊಯ್ದ ಕೈ ಇದು, ಒಂದಕ್ಕ ಯಾಕ ಹಿಂಗ ಮಾಡಿದೆನೋ ಏನೋ, ತಲಿ ತಿರಗಿತ್ತು ನನಗ. ನನ್ ಮಗ ಹಡಗಿನಾಗ ಹಾನ, ಗಾಜಿನಾಗ ಇಲ್ಲ. ನಿನ್ನ ಕೈ ತಪ್ಪಿತು, ಬೇಕಂತ ಮಾಡೀಯೇನು? ತಪ್ಪ್ ಯಾರ್ ಕೈಲಿಂದ ಆಗಂಗಿಲ್ಲ? ಅವಗ ನಾ ಹೇಳ್ತೀನಿ, ಕರೆಂಟ್ ಹೋಗಿ ಹಿಂಗಾಯ್ತು ಅಂತ. ನಿನ್ ಹೆಸರ ತಗಿಯಂಗಿಲ್ಲ, ಫಿಕರ್ ಮಾಡಬ್ಯಾಡ." ಇಷ್ಟು ಹೇಳಿ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಲು ಶುರು ಮಾಡಿದರು. ಈ ಮನೆಗೆ ಬಂದಾಗಿನಿಂದ ಅವರು ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ನನಗೆ ಅಳು ಇನ್ನೂ ಜೋರಾಯಿತು. ಅವರು ನನ್ನ ತಪ್ಪಿಗೆ ನಾನು ಅಳುತ್ತಿದ್ದೇನೆ ಎಂದುಕೊಂಡು ಮತ್ತೆ ಮತ್ತೆ "ಬಿಡು, ಆಯ್ತು ಬಿಡು" ಎನ್ನುತ್ತಿದ್ದರು. ಅವರದೇ ಕೈಯ ತಪ್ಪಿಗೆ ಅವರು ನನ್ನನ್ನು ಕ್ಷಮಿಸಿದರು ರೀ. ನಾನು ಅದನ್ನು ತೆಗೆದುಕೊಂಡೆ. ವಾಪಸು ಕೊಡುವ ಮನಸ್ಸು ನನಗಿಲ್ಲ.

ತೊಟ್ಟಿಯನ್ನು ಖಾಲಿ ಮಾಡಿಲ್ಲ. ಪಂಪು ಓಡುತ್ತಿದೆ, ಗುಳ್ಳೆ ಬರುತ್ತಿವೆ. ಇರಲಿ ಬಿಡು ಎಂದು ಅತ್ತೆಯೇ ಅಂದರು. ನೀವು ನೆಲದ ಮೇಲೆ ಕಾಲಿಟ್ಟ ಸುದ್ದಿ ಬಂದ ಮೇಲೆ ಮುಂದಿನದು ನೋಡೋಣ. ನನ್ನ ತಂಗಿಯ ಕೂಸು ಚೆನ್ನಾಗಿದೆ, ಹೆಣ್ಣು, ಮೂಗು ನಮ್ಮ ಅಪ್ಪನದು. ಅಮೀರ್ಬೀ ಚಾಚಿ ಸಲಾಂ ಹೇಳಿದ್ದಾಳೆ. ಅತ್ತೆಯವರು ಬೇಳೆಯ ಮೊರ ಪಕ್ಕಕ್ಕಿಟ್ಟು, "ಗಂಗವ್ವ ತಾಯಿ ಅವನ ಬೆನ್ನಿಗೆ ಇರ್ಲಿ, ಹೊಟ್ಟಿ ತುಂಬ ಉಣ್ಣು ಅಂತ ಬರಿ" ಎಂದು ಹೇಳುತ್ತಿದ್ದಾರೆ, ಬರೆದಿದ್ದೇನೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ. ನಿಮ್ಮನ್ನು ನೋಡಬೇಕೆನಿಸಿದೆ, ಬಹಳ.

ನಿಮ್ಮವಳೇ ಆದ
ಪ್ರೀತಿ

ತಾ.ಕ.: ಮತೀನ ಡ್ಯೂಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಅವಸರ. ಮುಖ್ಯ ಮಾತು ಇದು. ಫೋನು ಮಾಡಿದಾಗ "ಯಾವ ನೀರು ಹಾಕಿದ್ದಿ ಯವ್ವಾ" ಎಂದು ಮಾತ್ರ ಕೇಳಬೇಡಿ, ಎಂದೆಂದಿಗೂ ಕೇಳಬೇಡಿ. ಅವರು ಕರೆಂಟು ಹೋಗಿ ಹೀಗಾಯಿತು ಎನ್ನುತ್ತಾರೆ. ನೀವು ಒಪ್ಪಬೇಡಿ. ಕರೆಂಟಲ್ಲ, ನಿನ್ನ ಸೊಸೆಗೇ ಜವಾಬ್ದಾರಿ ಇಲ್ಲ ಎಂದು ನನ್ನನ್ನು ಬೈಯಿರಿ. ಜೋರಾಗಿ ಬೈಯಿರಿ, ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ನಾನು ಅಡುಗೆಮನೆಯಲ್ಲಿ ನಿಂತಿರುತ್ತೇನೆ. ನಿಮ್ಮ ಅವ್ವ ನನ್ನ ಪರವಾಗಿ ನಿಮ್ಮ ಜೊತೆ ಜಗಳಾಡುವುದನ್ನು ನಾನು ಒಂದು ಸಲ ಕಿವಿಯಾರೆ ಕೇಳಬೇಕು.